ಹೊತ್ತು ಮುಳುಗದ ಮನೆ

ನಮ್ಮ ಮನೆಯಲ್ಲಿ ಕೊನೆಯ ಸಂಜೆ ಆದ ದಿನ ಬೇರೆ ದಿನಗಳ ಹಾಗೆಯೇ ಇತ್ತು. ಅಪ್ಪ ನೆಲ ತೋಡಿದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೈಮಗ್ಗದ ಮುಂದೆ ಕೂತಿದ್ದ. ಬನಹಟ್ಟಿಯ ನಮ್ಮ ಓಣಿಯಲ್ಲಿ ನೇಕಾರರ ದಿನ ಮುಗಿಯುತ್ತಿದ್ದದ್ದು ಗಡಿಯಾರ ನೋಡಿ ಅಲ್ಲ, ಎಳೆ ಕಾಣದಾದಾಗ. ಸೀರೆಯ ಒಡಲಿನ ಕರಿ ಎಳೆ, ಅಂಚಿನ ಕೆಂಪು ಎಳೆ ಎರಡೂ ಒಂದೇ ಬಣ್ಣವಾಗಿ ಕಂಡರೆ ಅಪ್ಪ ಲಾಳಿ ಕೆಳಗಿಟ್ಟು, ಕುಣಿಯಿಂದ ಮೇಲೆದ್ದು, ಮೊಣಕಾಲು ಹಿಡಿದುಕೊಂಡು ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲುತ್ತಿದ್ದ. ಅವ್ವ ನೂಲು ಸುತ್ತುವ ರಾಟಿ ಬಿಟ್ಟು ಏಳುತ್ತಿದ್ದಳು. ದೇವರ ಮುಂದೊಂದು, ಮಗ್ಗದ ಮುಂದೊಂದು ದೀಪ ಹಚ್ಚಿ, ಹೊರಗಿನ ಕಟ್ಟೆಯ ಮೇಲೆ ಕೂತು ನನ್ನ ತಲೆ ಬಾಚುತ್ತಿದ್ದಳು. ಅವಳ ಬೆರಳಿಗೆ ನೂಲಿನ ಗಂಜಿ ಅಂಟಿರುತ್ತಿತ್ತು, ನನ್ನ ಕೂದಲು ಹಿಡಿದು ಎಳೆಯುತ್ತಿತ್ತು. ನಾನು ಚೀರಿದರೆ "ಸುಮ್ಮಕೂಡ ಬೇ, ಕತ್ಲಾಗತೈತಿ" ಅನ್ನುತ್ತಿದ್ದಳು. ಒಳಗೆ ತೊಟ್ಟಿಲಲ್ಲಿ ನನ್ನ ತಮ್ಮ ಬಸು ಮಲಗಿದ್ದ. ಅವನಿಗಿನ್ನೂ ಹಲ್ಲು ಬಂದಿರಲಿಲ್ಲ. ಆ ಹೊತ್ತಿನಲ್ಲಿ ಅವ್ವ ನನ್ನವಳಾಗಿದ್ದಳು. ಅದು ಹಾಗೆ ಎಂದು ಆಗ ನನಗೆ ತಿಳಿದಿರಲಿಲ್ಲ. ಮರುದಿನ ಮುಂಜಾನೆ ಟ್ರ್ಯಾಕ್ಟರಿನ ಮೇಲೆ ಪಾವರ್‌ಲೂಮು ಬಂದವು.

ಮಗ್ಗ ಇಡುವುದಕ್ಕಾಗಿ ಪಡಸಾಲೆಯ ನಡುಗೋಡೆ ಕೆಡವಿದರು. ಗಾಳಿ ಬಡಿದರೆ ನೂಲು ಒಣಗಿ ಹರಿಯುತ್ತದೆ ಎಂದು ಎರಡು ಕಿಟಕಿಗಳನ್ನು ಇಟ್ಟಂಗಿಯಿಂದ ಮುಚ್ಚಿದರು. ಹಳೆಯ ಕುಣಿಯನ್ನು ತುಂಬಿಸಲು ಅಪ್ಪನಿಗೆ ಮನಸ್ಸು ಬರಲಿಲ್ಲ, ಮೇಲೆ ಹಲಗೆ ಹಾಸಿಬಿಟ್ಟ. ಮಾಳಿಗೆಯ ತೊಲೆಗೆ ಟ್ಯೂಬ್‌ಲೈಟು ಬಿಗಿದರು. ಅದು ಮುಂದೆ ಆರಲೇ ಇಲ್ಲ. ಚಾಲೂ-ಬಂದ್ ಮಾಡಿದರೆ ಟ್ಯೂಬು ಬೇಗ ಸುಡುತ್ತದೆ ಎಂದು ಅಪ್ಪನಿಗೆ ಯಾರೋ ಹೇಳಿದ್ದರು. ಮಗ್ಗ ಓಡಲು ತ್ರೀ ಫೇಸ್ ಬೇಕು, ಟ್ಯೂಬಿಗೆ ಸಿಂಗಲ್ ಫೇಸ್ ಸಾಕು. ಹೀಗಾಗಿ ಕರೆಂಟು ಪೂರ್ತಿ ಹೋದ ಹೊತ್ತು ಬಿಟ್ಟರೆ ಮಗ್ಗದ ಕೋಣೆಯಲ್ಲಿ ಹಗಲೂ ರಾತ್ರಿಯೂ ಒಂದೇ ಬಿಳಿ ಬೆಳಕು. ತೊಲೆಯ ಸಂದಿಯಲ್ಲಿ ಗೂಡು ಕಟ್ಟಿದ ಗುಬ್ಬಿಗಳು ಯಾವ ಹೊತ್ತಿನಲ್ಲೂ ಚಿಲಿಪಿಲಿ ಅನ್ನುತ್ತಿದ್ದವು. ಅವಕ್ಕೆ ಮುಂಜಾನೆ ಎಲ್ಲಿಂದ ಶುರುವಾಗುತ್ತದೆ ಎನ್ನುವುದು ಮರೆತುಹೋಗಿತ್ತು.

ತ್ರೀ ಫೇಸ್ ಒಂದು ವಾರ ಹಗಲು ಬಂದರೆ ಇನ್ನೊಂದು ವಾರ ರಾತ್ರಿ ಬರುತ್ತಿತ್ತು. ಅದು ಬಂದಾಗ ಮನೆಯವರೆಲ್ಲ ಏಳಬೇಕು, ಹೋದಾಗ ಮಲಗಬೇಕು. ರಾತ್ರಿ ಪಾಳಿಯ ವಾರದಲ್ಲಿ ಊರಿನವರು ಹೊಲಕ್ಕೆ ಹೊರಟ ಹೊತ್ತಿಗೆ ನಾವು ರೊಟ್ಟಿ ಪಲ್ಯೆ ಉಂಡು ಕೈ ತೊಳೆಯುತ್ತಿದ್ದೆವು. ಅಪ್ಪ ಕಟ್ಟೆಯ ಮೇಲೆ ಬಿಸಿಲಿನಲ್ಲೇ ಮುಖಕ್ಕೆ ಟವೆಲ್ಲು ಹಾಕಿಕೊಂಡು ಗೊರಕೆ ಹೊಡೆಯುತ್ತಿದ್ದ. ಅವ್ವ ದೀಪ ಹಚ್ಚುವ ಹೊತ್ತು ಕೂಡ ತಪ್ಪಿಹೋಯಿತು. ಮೊದಮೊದಲು ಸಂಜೆಗೇ ಹಚ್ಚಲು ನೋಡಿದಳು. ಆದರೆ ಸಂಜೆ ಎನ್ನುವುದು ಒಮ್ಮೆ ನಿದ್ದೆಯ ನಡುವೆ ಬರುತ್ತಿತ್ತು, ಒಮ್ಮೆ ಮಗ್ಗದ ಸದ್ದಿನ ನಡುವೆ. ಕೊನೆಗೆ ಕರೆಂಟು ಬಂದ ಕೂಡಲೇ ಮಗ್ಗಕ್ಕೆ ದೀಪ ಹಚ್ಚಿ ಕೈ ಮುಗಿಯುವುದು ರೂಢಿಯಾಯಿತು. "ಕರೆಂಟ್ ಬಂತಂದ್ರ ನಮಗ ಬೆಳಗಾತು" ಅನ್ನುತ್ತಿದ್ದಳು. ಅಮಾವಾಸ್ಯೆ ಒಂದು ದಿನ ಮಾತ್ರ ಮಗ್ಗ ನಿಲ್ಲುತ್ತಿತ್ತು. ಆ ದಿನ ಕಿವಿಯಲ್ಲಿ ಗುಂಯ್ ಅನ್ನುತ್ತಿತ್ತು, ಯಾರಿಗೂ ಊಟ ಸೇರುತ್ತಿರಲಿಲ್ಲ.

ಹಗಲು ಮಲಗುವ ವಾರಗಳಲ್ಲಿ ಅವ್ವ, ಬಸು, ನಾನು ಅಡಿಗೆಮನೆಯ ಹಿಂದಿನ ಸಣ್ಣ ಕೋಣೆಯಲ್ಲಿ ಮಲಗುತ್ತಿದ್ದೆವು. ಅಲ್ಲಿದ್ದ ಒಂದೇ ಕಿಟಕಿಗೆ ಅವ್ವ ಕೌದಿ ತೂಗುಹಾಕುತ್ತಿದ್ದಳು. ಹಳೆಯ ಸೀರೆಯ ತುಂಡುಗಳಿಂದ ಹೊಲಿದ ಕೌದಿ ಅದು, ಬಿಸಿಲು ಅದರೊಳಗಿಂದ ಸೋಸಿ ಗೋಡೆಯ ಮೇಲೆ ಕೆಂಪು, ಹಸಿರು, ಅರಿಷಿಣದ ಕಲೆಗಳಾಗಿ ಬೀಳುತ್ತಿತ್ತು. ಗೋಡೆಯ ಬದಿಗೆ ಬಸು, ನಡುವೆ ಅವ್ವ, ಬಾಗಿಲ ಬದಿಗೆ ನಾನು. ಬಸುವಿಗೆ ಬೆಳಕಿನಲ್ಲಿ ನಿದ್ದೆ ಹತ್ತುತ್ತಿರಲಿಲ್ಲ. ಹಸುಗೂಸಿದ್ದಾಗಲೂ ಹಾಗೆ, ಸಾಲಿಯಲ್ಲಿ ನಾಲ್ಕನೆಯ ಇಯತ್ತೆಗೆ ಬಂದಾಗಲೂ ಹಾಗೆ. ಅವ್ವ ಅವನ ಕಡೆ ಮಗ್ಗುಲಾಗಿ, ಸೆರಗಿನ ತುದಿಯನ್ನು ಅವನ ಕಣ್ಣ ಮೇಲೆ ಹಾಕಿ, ಅದರ ಮೇಲೆ ಅಂಗೈ ಇಡುತ್ತಿದ್ದಳು. ಅವನು ಒಳಗಿನಿಂದ ಮಾತಾಡುತ್ತಲೇ ಇರುತ್ತಿದ್ದ.

"ಅವ್ವಾ, ಸೂರ್ಯಾ ಇನ್ನೂ ಐತಿ ಬೇ."

"ಇರಲಿ. ನೀ ಕಣ್ಣ ಮುಚ್ಚು."

"ಮುಚ್ಚಿದ್ರೂ ಕೆಂಪಗ ಕಾಣತೈತಿ."

"ಕೆಂಪಗ ಕಾಣೂದ ನೋಡಕೋತ ಮಲಗು. ನಿಮ್ಮ ಅಕ್ಕನ ನೋಡು. ಅದು ಹಾಸಿಗಿ ಮುಟ್ಟಿದ್ರ ಸಾಕು, ಮಲಗಿಬಿಡ್ತೈತಿ. ಗುಣದ ಹುಡುಗಿ."

ಈ ಮಾತನ್ನು ನಾನು ಪ್ರತಿಸಲ ಕೇಳಿದ್ದೇನೆ. ಕೇಳಿದ್ದೇನೆ ಎಂದರೆ ನನಗೂ ನಿದ್ದೆ ಬಂದಿರಲಿಲ್ಲ ಎಂದೇ ಅರ್ಥ. ಆದರೆ ಅದನ್ನು ನೋಡಲು ಅವ್ವ ಇತ್ತ ಹೊರಳಬೇಕಾಗಿತ್ತು. ನನಗೆ ಅವಳ ಬೆನ್ನು ಚೆನ್ನಾಗಿ ಗೊತ್ತು. ಕುಪ್ಪಸದ ಹಿಂದಿನ ಹೊಲಿಗೆ ಎಲ್ಲಿ ಬಿಚ್ಚಿತ್ತು, ಕೊರಳ ಕೆಳಗೆ ಬೆವರುಸಾಲೆ ಎಲ್ಲಿಂದ ಎಲ್ಲಿಯವರೆಗೆ, ಉಸಿರು ಎಳೆದಾಗ ಯಾವ ಎಲುಬು ಮೊದಲು ಏಳುತ್ತದೆ, ಎಲ್ಲವನ್ನೂ ಇಂದಿಗೂ ಹೇಳಬಲ್ಲೆ. ಒಂದು ಮಧ್ಯಾಹ್ನ ನಾನೂ ಬಸುವಿನ ಹಾಗೆ ಹೊರಳಾಡಿದೆ. ನಿಟ್ಟುಸಿರು ಬಿಟ್ಟೆ, ಚಾಪೆ ಸಪ್ಪಳ ಮಾಡಿದೆ, ಬಳೆ ಆಡಿಸಿದೆ. ಅವ್ವ ಬಸುವಿನ ಕಣ್ಣಿನ ಮೇಲಿನ ಕೈ ತೆಗೆಯಲಿಲ್ಲ, ಕತ್ತು ಕೂಡ ತಿರುಗಿಸಲಿಲ್ಲ.

"ಕಸ್ತೂರಿ, ನಿದ್ದಿ ಬರವಲ್ದಂದ್ರ ಏಳು. ನಾಕು ಕಂಡಕಿ ಸುತ್ತು ಹೋಗು."

ಕಂಡಿಕೆ ಎಂದರೆ ಲಾಳಿಯೊಳಗೆ ಕೂರುವ ನೂಲಿನ ಉರುಳೆ. ನಾನು ಎದ್ದು ಹೋಗಿ ಸುತ್ತಿದೆ. ಅಂದಿನಿಂದ ಹೊರಳಾಡುವುದನ್ನು ಬಿಟ್ಟೆ.

ಅವ್ವನ ತಮ್ಮ ಈರಣ್ಣ ಮಾಮಾ ಸಮೀರವಾಡಿ ಕಡೆಯ ಸಕ್ಕರೆ ಕಾರ್ಖಾನೆಯಲ್ಲಿ ಪಾಳಿಯ ಕೆಲಸಕ್ಕಿದ್ದ. ಕಬ್ಬು ನುರಿಸುವ ಕಾಲದಲ್ಲಿ ಅಲ್ಲಿಯೂ ದೀಪ ಆರುವುದಿಲ್ಲ. ರಜೆ ಸಿಕ್ಕಾಗ ಬಸ್ಸು ಹಿಡಿದು ನಮ್ಮ ಮನೆಗೆ ಬರುತ್ತಿದ್ದ. ಚೀಲದಲ್ಲಿ ಕಬ್ಬಿನ ತುಂಡು, ಅದರ ಮೇಲೆ ಮಡಿಚಿದ ಹಳೆಯ ಪೇಪರು. ಪೇಪರಿನಲ್ಲಿ ವಾರಕ್ಕೊಮ್ಮೆ ವಿಜ್ಞಾನದ ಪುಟ ಬರುತ್ತಿತ್ತು, ಅದನ್ನು ಬಸುವಿಗಾಗಿ ಎತ್ತಿಡುತ್ತಿದ್ದ. ನನಗೆ ಕಬ್ಬು ತರುತ್ತಿದ್ದ. ಆ ಹೊತ್ತಿಗೆ ನಾನು ಏಳನೆಯದು ಮುಗಿಸಿ ಸಾಲಿ ಬಿಟ್ಟು ರಾಟಿಗೆ ಕೂತಿದ್ದೆ, ಪೇಪರು ನನಗೆ ಯಾಕೆ ಎಂದು ಅವನಿಗೆ ಅನ್ನಿಸಿರಬೇಕು. ಒಂದು ಸಲ ಬಂದವನು ಕೈಕಾಲು ತೊಳೆಯುವ ಮೊದಲೇ ಬಸುವನ್ನು ಕರೆದ.

"ಲೇ ಬಸ್ಯಾ, ನಿನಗೊಂದು ಊರು ಹುಡಿಕಿ ತಂದೇನಿ. ಅಲ್ಲಿ ಹೊತ್ತ ಮುಳುಗೂದಿಲ್ಲ."

"ಎಲ್ಲೈತಿ ಮಾಮಾ?"

"ಭಾಳ ದೂರ. ನಮ್ಮ ಸೂರ್ಯಾನ ಲೆಕ್ಕದಾಗಿಲ್ಲ ಅದು. ಬ್ಯಾರೆ ಸೂರ್ಯಾ, ಸಣ್ಣದು, ಕೆಂಡದಂಗ ಕೆಂಪಗ. ಅದರ ಹತ್ರಾನ ಒಂದು ಭೂಮಿ ತಿರಗತಿರತೈತಿ. ಹತ್ರ ಇದ್ದದ್ದಕ್ಕ ಅದಕ್ಕ ಮುಖಾ ತಿರುಗಿಸಾಕ ಆಗೂದಿಲ್ಲ. ನಮ್ಮ ಚಂದಪ್ಪ ನೋಡು, ಯಾವತ್ತೂ ಒಂದ ಮುಖಾ ತೋರಸ್ತಾನ. ಹಂಗ."

ಬಸುವಿಗೆ ತಿಳಿಯಲಿಲ್ಲ. ಅವ್ವ ಅಂಗಳದ ನಡುವೆ ಕೂತು ಬಳ್ಳೊಳ್ಳಿ ಸುಲಿಯುತ್ತಿದ್ದಳು. ಮಾಮಾ ಅವಳನ್ನೇ ಸೂರ್ಯ ಮಾಡಿದ. ಬಸು ಅವ್ವನ ಸುತ್ತ ತಿರುಗಬೇಕು, ಆದರೆ ಮುಖ ಯಾವಾಗಲೂ ಅವ್ವನ ಕಡೆಗೇ ಇರಬೇಕು. ಬಸು ಅಡ್ಡಡ್ಡ ಕಾಲಿಡುತ್ತ, ಏಡಿಯ ಹಾಗೆ, ಅವ್ವನ ಸುತ್ತ ಸರಿದ. ಅವ್ವ ಬಳ್ಳೊಳ್ಳಿ ಬಿಟ್ಟು ಅವನು ಹೋದ ಕಡೆಗೆಲ್ಲ ತಾನೂ ಹೊರಳಿ ನಕ್ಕಳು.

"ಯಕ್ಕಾ, ನೀ ಹೊಳ್ಳಬ್ಯಾಡ. ನೀ ಸೂರ್ಯಾ ಅದಿ."

"ಸೂರ್ಯಾ ಆದ್ರ ಕೂಸಿನ ಮಾರಿ ನೋಡಬಾರದೇನ?"

ಕಂಡಿಕೆಯ ಬುಟ್ಟಿ ಹೊತ್ತುಕೊಂಡು ಹೊರಬಂದ ನನ್ನನ್ನು ಮಾಮಾ ಹಿಡಿದು ಬಸುವಿನ ಬೆನ್ನ ಹಿಂದೆ ನಿಲ್ಲಿಸಿದ.

"ಈಗ ನೋಡು. ಬಸೂನ ಮಾರಿ ಮ್ಯಾಲ ಯಾವಾಗಲೂ ಹಗಲು. ಬೆನ್ನಿಗೆ ಯಾವಾಗಲೂ ರಾತ್ರಿ. ಕಸ್ತೂರಿ ನಿಂತಾಳಲ್ಲಾ, ಆ ಕಡೆ ಬರೀ ಬರ್ಫ. ಅಲ್ಲಿಂದ ಸೂರ್ಯಾ ಕಾಣಸೂದ ಇಲ್ಲ."

"ಕಸ್ತೂರಿಗೆ ಥಂಡಿ ಹತ್ತೀತು, ಬುಟ್ಟಿ ಒಳಗ ಇಡಲಿ ಬಿಡು" ಎಂದು ಅವ್ವ ಅಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ಬುಟ್ಟಿ ಭಾರವಾಗಿತ್ತು.

ಅಂದಿನಿಂದ ನಮ್ಮ ಮನೆಯಲ್ಲಿ ಆ ಊರಿನದೇ ಮಾತು. ಅಂಥ ಭೂಮಿಯನ್ನು ಇನ್ನೂ ಯಾರೂ ಕಂಡಿಲ್ಲ, ಅಲ್ಲಿ ಜೀವ ಇರಬಹುದೋ ಇಲ್ಲವೋ ಗೊತ್ತಿಲ್ಲ, ಆದರೆ ಇರುವುದಾದರೆ ಎಲ್ಲಿ ಇದ್ದೀತು ಎಂಬುದನ್ನು ತಿಳಿದವರು ಲೆಕ್ಕ ಹಾಕುತ್ತಿದ್ದಾರೆ ಎಂದು ಮಾಮಾ ಹೇಳಿದ್ದ. ನೆತ್ತಿಯ ಮೇಲೆ ಸೂರ್ಯ ಕೂತಿರುವ ಕಡೆ ಸುಡುತ್ತದೆ, ಬೆನ್ನಿನ ಕಡೆ ಹೆಪ್ಪುಗಟ್ಟುತ್ತದೆ. ನಡುವೆ, ಸೂರ್ಯ ದಿಗಂತಕ್ಕೆ ತಾಗಿ ನಿಂತುಬಿಟ್ಟಿರುವ ಒಂದು ಪಟ್ಟಿ ಇರುತ್ತದೆ. ಸೀರೆಗೆ ಅಂಚು ಇದ್ದ ಹಾಗೆ. ಅಲ್ಲಿ ಎಂದೆಂದೂ ಸಂಜೆ. ನೀರು ನೀರಾಗಿಯೇ ಉಳಿಯುವುದು ಅಲ್ಲಿ. ಗಾಳಿ ದಪ್ಪಗಿದ್ದರೆ ಬಿಸಿಯನ್ನು ಆ ಕಡೆಯಿಂದ ಈ ಕಡೆಗೆ ಹೊತ್ತು ತರುತ್ತದೆ, ನೆತ್ತಿಯ ಕೆಳಗೆ ಮೋಡ ಕಟ್ಟಿದರೆ ಅಲ್ಲಿಯೂ ನೆರಳಾಗಬಹುದು. ಹಾಗಾದರೆ ಹಗಲಿನ ಕಡೆಯೂ ಬದುಕಬಹುದು. ಬಸು ಇದನ್ನೆಲ್ಲ ಅವ್ವನಿಗೆ ಹಗಲುನಿದ್ದೆಯ ಹೊತ್ತಿನಲ್ಲಿ, ಸೆರಗಿನ ಕೆಳಗಿನಿಂದ ಹೇಳುತ್ತಿದ್ದ. ಆ ಊರಿನ ಗಿಡಗಳ ಎಲೆ ಹಸಿರಲ್ಲ, ಕಪ್ಪು. ಕೆಂಪು ಬೆಳಕು ಸಾಲದ್ದರಿಂದ ಇದ್ದ ಬೆಳಕನ್ನೆಲ್ಲ ಕುಡಿಯುತ್ತವೆ. ಎಲೆಗಳು ಒಂದೇ ಕಡೆ ನೋಡುತ್ತ ನಿಂತಿರುತ್ತವೆ, ಎಂದೂ ಹೊರಳುವುದಿಲ್ಲ. ಅಲ್ಲಿಯ ಪ್ರಾಣಿಗಳಿಗೆ ಒಂದು ಮಗ್ಗುಲು ಕಪ್ಪು, ಇನ್ನೊಂದು ಮಗ್ಗುಲು ಬಿಳಿ. ಎಲ್ಲವೂ ಬಸುವಿನ ಸ್ವಂತ ಸೃಷ್ಟಿ. ಅವ್ವ ಕೇಳುತ್ತಿದ್ದ ಪ್ರಶ್ನೆಗಳು ಬೇರೆಯವು.

"ಅಲ್ಲಿ ಒಪ್ಪತ್ತು ಹಿಡದವ್ರು ಯಾವಾಗ ಉಣ್ಣೂದು?"

"ಅವ್ರು ಒಪ್ಪತ್ತು ಹಿಡ್ಯೂದಿಲ್ಲ ಬೇ."

"ಅಮಾಸಿ?"

"ಇಲ್ಲ."

"ಹಂಗಾದ್ರ ಮಗ್ಗ ಯಾವತ್ತೂ ನಿಂದ್ರೂದಿಲ್ಲ. ನಿಮ್ಮಪ್ಪಗ ಹೇಳಬ್ಯಾಡ, ನಾಳೆ ಅಲ್ಲೇ ಮನಿ ಹಿಡೀತಾನ."

ಇಬ್ಬರೂ ಸಣ್ಣಗೆ ನಗುತ್ತಿದ್ದರು. ಅವ್ವನ ನಗು ಬೆನ್ನಿನಲ್ಲಿ ಕಾಣುತ್ತಿತ್ತು, ಭುಜದ ಎಲುಬು ಎರಡೂ ಅಲುಗುತ್ತಿದ್ದವು. ನನಗೆ ಹೊಟ್ಟೆಯಲ್ಲಿ ಮೆಣಸಿನಕಾಯಿ ಕಿವುಚಿದ ಹಾಗೆ ಆಗುತ್ತಿತ್ತು. ಅವ್ವನ ಜೊತೆ ನಾನೂ ದಿನವೆಲ್ಲ ಇರುತ್ತಿದ್ದೆ. ಅವಳ ರಾಟಿಯ ಪಕ್ಕದಲ್ಲೇ ನನ್ನ ರಾಟಿ. ಆದರೆ ಮಗ್ಗ ಓಡುವ ಹೊತ್ತಿನಲ್ಲಿ ಮಾತು ಕೇಳುವುದಿಲ್ಲ. ಕೈ ಎತ್ತಿ ಎರಡು ಬೆರಳು ತೋರಿಸಿದರೆ ಕೆಂಪು ನೂಲು, ಗಲ್ಲ ಮುಟ್ಟಿಕೊಂಡರೆ ನೀರು, ಅಂಗೈ ತಿರುವಿದರೆ ಒಲೆಯ ಮೇಲಿನದನ್ನು ಇಳಿಸು. ನಮ್ಮಿಬ್ಬರ ನಡುವೆ ಇದ್ದ ಮಾತು ಇಷ್ಟು. ಹೆಸರು ಹಿಡಿದು ಕೂಗಿದರೆ ಮಗ್ಗ ನಿಂತಿದೆ, ಏನೋ ಕೆಲಸ ಬಿದ್ದಿದೆ ಎಂದು ಅರ್ಥ. ಬಸುವನ್ನು ಅವಳು ಸುಮ್ಮಸುಮ್ಮನೆ ಕರೆಯುತ್ತಿದ್ದಳು. "ಬಸೂ" ಅನ್ನುವಳು. ಅವನು "ಏನ ಬೇ" ಅಂದರೆ "ಏನಿಲ್ಲ, ಅದೀಯೋ ಇಲ್ಲೋ ನೋಡಿದ್ಯಾ" ಅನ್ನುವಳು. ನನಗೆ ಬೇಕಾಗಿದ್ದದ್ದು ಇಷ್ಟೇ. ಕಪ್ಪು ಎಲೆಯ ಊರೂ ಬೇಡ, ಪೇಪರೂ ಬೇಡ. "ಕಸ್ತೂರಿ" ಎಂದು ಕರೆದು, "ಏನಿಲ್ಲ" ಅನ್ನಬೇಕಾಗಿತ್ತು.

ಮುಂದಿನ ಸಲ ಮಾಮಾ ಬಂದಾಗ ಬಸು ಜೀವ ಎಲ್ಲಿ ಬದುಕುತ್ತದೆ ಎಂದು ನಮ್ಮ ಮನೆಯಲ್ಲೇ ನೋಡಬೇಕು ಎಂದು ಹಟ ಹಿಡಿದ. ಮೂರು ತೆಂಗಿನ ಚಿಪ್ಪುಗಳಿಗೆ ಮಣ್ಣು ತುಂಬಿ ಹೆಸರುಕಾಳು ಊರಿದರು. ಒಂದನ್ನು ಮಗ್ಗದ ಕೋಣೆಯಲ್ಲಿ ಆರದ ಟ್ಯೂಬಿನ ಹತ್ತಿರ ಗೋಡೆಯ ಗೂಡಿನಲ್ಲಿ ಇಟ್ಟರು. ಅದು ಹಗಲಿನ ಕಡೆ. ಎರಡನೆಯದನ್ನು ಹಲಗೆ ಎತ್ತಿ ಅಪ್ಪನ ಹಳೆಯ ಕುಣಿಯೊಳಗೆ ಇಳಿಸಿದರು. ಅದು ರಾತ್ರಿಯ ಕಡೆ. ಮೂರನೆಯದು ಮಗ್ಗದ ಕೋಣೆಯ ಹೊಸ್ತಿಲಿನ ಹೊರಗೆ, ಬೆಳಕು ಓರೆಯಾಗಿ ಬೀಳುವ ಮೂಲೆಗೆ. ಅದು ಅಂಚು. ಅಪ್ಪ ಮಗ್ಗಕ್ಕೆ ಎಣ್ಣೆ ಬಿಡುತ್ತ ಎಲ್ಲವನ್ನೂ ನೋಡಿದ.

"ನೂಲಿಗೆ ನೀರ ಸಿಡೀತಂದ್ರ ಮೂರೂ ಲೋಕಾ ತಿಪ್ಪಿಗೆ ಹೋಗ್ತಾವ. ಹೇಳೇನಿ."

ನೀರು ಹಾಕುವ ಕೆಲಸ ನನಗೆ ಬಂತು. ಬಸುವಿಗೆ ಸಾಲಿ ಇತ್ತು. ಕುಣಿಯ ಹಲಗೆ ಎತ್ತುವುದು ಅವನ ಕೈಯಿಂದ ಆಗುತ್ತಲೂ ಇರಲಿಲ್ಲ. ನಾನು ಮುಖ ಊದಿಸಿಕೊಂಡೇ ಹಾಕಿದೆ, ಆದರೆ ಒಂದು ದಿನವೂ ತಪ್ಪಿಸಲಿಲ್ಲ. ಕಾಳು ಒಡೆದು ಮೇಲೆ ಬಂದದ್ದನ್ನು ಮೊದಲು ನೋಡಿದ್ದು ನಾನು. ಕುಣಿಯ ಕತ್ತಲೆಯಲ್ಲಿ ಕೈ ಇಳಿಸಿದರೆ ತಣ್ಣಗೆ, ಎಳೆಯಂಥದ್ದು ಬೆರಳಿಗೆ ತಾಗಿತು. ದಿನದಿಂದ ದಿನಕ್ಕೆ ಅದು ಎತ್ತರವಾಗುತ್ತಿತ್ತು. ಮೇಲಿನ ಎರಡೂ ಚಿಪ್ಪಿನ ಸಸಿಗಳು ಗೇಣಿನ ಅರ್ಧವೂ ಆಗಿರಲಿಲ್ಲ, ಇದು ಹಲಗೆಗೆ ತಲೆ ತಾಗಿಸುವ ಆತುರದಲ್ಲಿತ್ತು. ನನಗೆ ಒಳಗೊಳಗೇ ಖುಷಿ. ಬರ್ಫಿನ ಕಡೆಯದೇ ಗೆಲ್ಲುತ್ತದೆ ಎಂದುಕೊಂಡೆ. ಬಸುವಿಗೆ ಹೇಳಲಿಲ್ಲ.

ಮಾಮಾ ಮತ್ತೆ ಬಂದ ದಿನ ಮೂರು ಚಿಪ್ಪುಗಳನ್ನೂ ಕಟ್ಟೆಯ ಮೇಲೆ ಸಾಲಾಗಿ ಇಟ್ಟರು. ಟ್ಯೂಬಿನ ಕೆಳಗಿನದು ಗಿಡ್ಡಗೆ, ಗಟ್ಟಿಯಾಗಿ, ಎಲೆ ಬಿಚ್ಚಿ ನಿಂತಿತ್ತು. ಹೊಸ್ತಿಲಿನದು ಬಾಗಿಲ ಕಡೆಗೆ ಕತ್ತು ಹೊರಳಿಸಿ ಬಾಗಿತ್ತು, ಯಾರೋ ಒಳಗೆ ಕರೆದ ಹಾಗೆ. ಕುಣಿಯದು ಬೆಳ್ಳಗೆ, ಉದ್ದಕ್ಕೆ, ಬೆಳಕಿಗೆ ತಂದ ಕೂಡಲೇ ತನ್ನ ಭಾರಕ್ಕೆ ತಾನೇ ಮಲಗಿತು. ಅವ್ವ ಅದನ್ನೇ ಮೊದಲು ಎತ್ತಿಕೊಂಡಳು.

"ಅಯ್ಯ, ಇದ ಎಷ್ಟ ಎತ್ತರ ಬೆಳದೈತಿ ನೋಡು. ಕತ್ಲಾಗ ಇದ್ದದ್ದ ಚಲೋ ಬೆಳದೈತಲ್ಲೋ ತಮ್ಮಾ."

"ಅದು ಬೆಳದಿದ್ದಲ್ಲ ಯಕ್ಕಾ. ಬೆಳಕು ಹುಡಿಕಿದ್ದು. ಬೀಜದಾಗಿನ ಬುತ್ತಿ ತಿಂದು ಇಷ್ಟುದ್ದ ಓಡೇತಿ. ಬುತ್ತಿ ತೀರಿದ್ರ ಸಾಯ್ತೈತಿ."

ಅವ್ವ ಅದನ್ನು ಕೆಳಗಿಟ್ಟಳು. ಮಾಮಾ ಬಸುವಿನ ಬೆನ್ನು ತಟ್ಟಿದ. ಆ ದೂರದ ಊರಿನಲ್ಲಿ ಹಾರಿಬಿದ್ದ ಬೀಜಗಳಲ್ಲಿ ಹಲವು ರಾತ್ರಿಯ ಕಡೆ ಬಿದ್ದು ಹೀಗೇ ಹೋಗುತ್ತವೆ, ಅಂಚಿಗೆ ಬಿದ್ದವು ಬಾಗಿ ಬದುಕುತ್ತವೆ, ಬಾಗಿದವುಗಳ ಮಕ್ಕಳು ಬಾಗಿಯೇ ಹುಟ್ಟುತ್ತವೆ, ಎಷ್ಟೋ ಲಕ್ಷ ವರ್ಷಗಳಾದ ಮೇಲೆ ಅವಕ್ಕೆ ಬಾಗಿದ್ದೇವೆ ಎನ್ನುವುದೇ ಗೊತ್ತಿರುವುದಿಲ್ಲ ಎಂದ. ಕೊನೆಗೆ ಹೇಳಿದ:

"ಯಾವ ಜೀವ ಹೊಂದ್ಕೋತೈತೋ ಅದು ಉಳೀತೈತಿ. ತಿಳೀತಿಲ್ಲೋ ಬಸ್ಯಾ?"

ಆ ಮಾತು ಬಸುವಿಗಿಂತ ನನಗೆ ಹೆಚ್ಚು ತಿಳಿಯಿತು. ಹೊಂದಿಕೊಂಡದ್ದು ಉಳಿಯುತ್ತದೆ, ಖರೆ. ಆದರೆ ಹೊಂದಿಕೊಂಡದ್ದರ ಕಡೆ ಯಾರೂ ನೋಡುವುದಿಲ್ಲ. ಬೆಳಕಿನಲ್ಲಿ ನಿದ್ದೆ ಬಾರದವನ ಕಣ್ಣ ಮೇಲೆ ಅಂಗೈ ಬೀಳುತ್ತದೆ. ಬಂದಂತೆ ಬಿದ್ದುಕೊಂಡವಳು ಗುಣದ ಹುಡುಗಿ. ಆ ದಿನ ಎಲ್ಲರೂ ಕಟ್ಟೆಯ ಮೇಲೆ ಕೂತಿದ್ದರು, ಮಗ್ಗ ನಿಂತಿತ್ತು, ಹೊತ್ತು ಇಳಿಯುತ್ತಿತ್ತು. ಓಣಿಯಲ್ಲಿ ಹೆಂಗಸರು ಆಡಲು ಹೋದ ಮಕ್ಕಳನ್ನು ಹೆಸರು ಹಿಡಿದು ಕೂಗುತ್ತಿದ್ದರು. ನನಗೂ ಒಂದು ಮಾತು ಆಡಬೇಕೆನಿಸಿತು. ಆ ಊರಿನ ಬಗ್ಗೆ ನಾನು ಬಾಯಿಬಿಟ್ಟದ್ದು ಅದೊಂದೇ ಸಲ.

"ಮಾಮಾ, ಅಲ್ಲಿ ಕತ್ಲ ಆಗೂದಿಲ್ಲಲ್ಲಾ. ಹಂಗಾರ ಹುಡುಗರನ್ನ ಮನಿಗೆ ಕರ್ಯೂದು ಯಾವಾಗ?"

ಮಾಮಾ ನನ್ನ ಕಡೆ ತಿರುಗಿದ.

"ಇದನ್ನ ಪೇಪರದಾಗ ಬರದಿಲ್ಲ ನೋಡವಾ. ಚಲೋ ಕೇಳಿದಿ. ಹೊತ್ತು ಮುಳುಗೂದ ಇಲ್ಲಂದ್ರ ತಾಯಿಗೆ ಕರ್ಯಾಕ ನೆವಾನ ಇಲ್ಲ."

"ನೆವಾ ಯಾಕ ಬೇಕು? ತಾಯಿಗೆ ನೆನಪಾದಾಗ ಕರೀತಾಳ" ಎಂದಳು ಅವ್ವ.

ನಾನು ಇನ್ನೊಂದು ಮಾತನ್ನೂ ಆಡಿಬಿಟ್ಟೆ.

"ನನ್ನ ಯಾವಾಗ ಕರೀತಿ?"

ಅವ್ವ ನನ್ನನ್ನು ನೋಡಿದಳು. ಬೈಯಲಿಲ್ಲ, ಸಿಟ್ಟೂ ಆಗಲಿಲ್ಲ. ಇದೆಂಥ ಪ್ರಶ್ನೆ ಎನ್ನುವ ಹಾಗೆ, ಪ್ರೀತಿಯಿಂದಲೇ ನಕ್ಕಳು.

"ನಿನ್ನ ಯಾಕ ಕರೀಬೇಕು ಬೇ? ನೀ ಮನ್ಯಾಗ ಇರ್ತಿ."

ಅಷ್ಟರಲ್ಲಿ ಒಳಗೆ ಮೋಟಾರು ಗುರ್ ಎಂದಿತು. ಕರೆಂಟು ಬಂದಿತ್ತು. ಅವ್ವ ದೀಪ ಹಚ್ಚಲು ಎದ್ದಳು.

ಆಮೇಲೆ ಬಸು ಓದಿದ, ಜಮಖಂಡಿಯಲ್ಲಿ ವಿಜ್ಞಾನದ ಮಾಸ್ತರನಾದ. ನನ್ನನ್ನು ರಬಕವಿಗೆ ಕೊಟ್ಟರು. ಬನಹಟ್ಟಿ, ರಬಕವಿ ಎರಡೂ ಊರು ಒಂದಕ್ಕೊಂದು ಅಂಟಿಕೊಂಡಿರುವುದರಿಂದ ಕೊಟ್ಟರೂ ಕೊಡದ ಹಾಗೆಯೇ. ಅಪ್ಪ ಹೋದ ಮೇಲೆ ಅವ್ವ ನನ್ನ ಮನೆಗೆ ಬಂದಳು. ಜಮಖಂಡಿಗೆ ಯಾಕೆ ಹೋಗಲಿಲ್ಲ ಎಂದು ಯಾರೋ ಕೇಳಿದ್ದಕ್ಕೆ, "ಬಸೂಗ ಸಾಲಿ ಗದ್ದಲ, ಅವಂಗ ಯಾಕ ತ್ರಾಸು" ಎಂದಳಂತೆ. ನಾನು ಆ ಉತ್ತರವನ್ನು ಎಷ್ಟೋ ದಿನ ಮೆಲುಕು ಹಾಕಿದೆ. ಬಸು ಸಾಲಿಗೆ ರಜೆ ಇರುವ ಐತವಾರ ಬರುತ್ತಿದ್ದ. ಆ ದಿನ ಅವ್ವ ಮುಂಜಾನೆಯೇ ತಲೆ ಬಾಚಿಸಿಕೊಂಡು ಬಾಗಿಲ ಕಡೆ ಮುಖ ಮಾಡಿ ಕೂತಿರುತ್ತಿದ್ದಳು. ಬಸು ಅವಳಿಗೆ ಆ ಊರಿನ ಸುದ್ದಿ ಇನ್ನೂ ಹೇಳುತ್ತಿದ್ದ. ಈಗ ಅಂಥವು ಬಹಳ ಸಿಕ್ಕಿವೆಯಂತೆ. ಆದರೆ ಆ ಕೆಂಪು ಸೂರ್ಯರು ನಾವು ತಿಳಿದಷ್ಟು ಸೌಮ್ಯರಲ್ಲ, ಆಗಾಗ ಸಿಡಿದು ಕಿಡಿ ಕಾರುತ್ತಾರೆ, ಹತ್ತಿರದ ಭೂಮಿಯ ಮೇಲಿನ ಗಾಳಿಯನ್ನು ಕೆದರಿ ಒಯ್ದುಬಿಡಬಹುದು. ಗಾಳಿ ಉಳಿದಿದೆಯೋ ಇಲ್ಲವೋ ಎಂದು ದೊಡ್ಡ ದೊಡ್ಡ ದುರ್ಬೀನು ಹಿಡಿದು ನೋಡುತ್ತಿದ್ದಾರೆ. ನಮ್ಮ ಮೈಯೊಳಗೆ ಒಂದು ಗಡಿಯಾರ ಇದೆ, ಅದು ಈ ಭೂಮಿಯ ಹಗಲು ರಾತ್ರಿ ಕಲಿಸಿದ್ದು, ಎಂದೂ ಹಗಲೇ ಇರುವ ಕಡೆ ಹುಟ್ಟಿದ ಜೀವಕ್ಕೆ ಆ ಗಡಿಯಾರ ಇರಲಿಕ್ಕಿಲ್ಲ, ಅವು ದಣಿದಾಗ ಮಲಗುತ್ತವೋ, ಅಥವಾ ಅರ್ಧ ಮೈ ಮಲಗಿಸಿ ಅರ್ಧ ಮೈ ಎಚ್ಚರ ಇಡುತ್ತವೋ ಎಂದ ಬಸು. ಅವ್ವ ಅವನ ಕೈ ಹಿಡಿದುಕೊಂಡು ಕೇಳುತ್ತಿದ್ದಳು. ನಾನು ಅಡಿಗೆಮನೆಯಲ್ಲಿ ಅವನಿಗಾಗಿ ಹೋಳಿಗೆ ಬೇಯಿಸುತ್ತ ಕೇಳುತ್ತಿದ್ದೆ. ನನಗೆ ಮೊಮ್ಮಗ ಹುಟ್ಟಿದ ಮೇಲೂ ಹೊಟ್ಟೆಯಲ್ಲಿ ಅದೇ ಮೆಣಸಿನಕಾಯಿ. ವಯಸ್ಸಾದರೆ ಹೋಗುತ್ತದೆ ಅನ್ನುತ್ತಾರೆ. ನನ್ನದು ಹೋಗಿಲ್ಲ.

ಕೊನೆಯ ತಿಂಗಳುಗಳಲ್ಲಿ ಅವ್ವ ಹಾಸಿಗೆ ಹಿಡಿದಳು. ಬೆನ್ನಿಗೆ ಹುಣ್ಣಾಗಬಾರದೆಂದು ಆಗಾಗ ಮಗ್ಗುಲು ಬದಲಿಸಬೇಕಾಗಿತ್ತು. ಅವಳಾಗಿ ಹೊರಳಲು ಆಗುತ್ತಿರಲಿಲ್ಲ. "ಕಸ್ತೂರಿ" ಅನ್ನುವಳು. ಹೋದರೆ "ಹೊಳ್ಳಿಸು" ಅನ್ನುವಳು. "ಕಸ್ತೂರಿ" ಅನ್ನುವಳು, "ನೀರು" ಅನ್ನುವಳು. "ಕಸ್ತೂರಿ", "ಕಿಟಕಿ ಹಾಕು". ಅವಳ ಮುಖ ಯಾವ ಕಡೆ ಇರಬೇಕೆಂಬುದು ಈಗ ನನ್ನ ಕೈಯಲ್ಲಿತ್ತು. ಗೋಡೆಯ ಕಡೆ ಹೊರಳಿಸಬಹುದು, ನಾನು ಮಲಗುವ ಕಡೆಗೂ ಹೊರಳಿಸಬಹುದು. ಹೊರಳಿಸಿ, ಎದುರಿಗೆ ಕೂತು ನೋಡಿದ್ದೇನೆ. ನಾನು ತಿರುಗಿಸಿದ್ದರಿಂದ ತಿರುಗಿದ ಮುಖ ಅದು. ಕಣ್ಣು ನನ್ನ ಹೆಗಲ ಮೇಲಿಂದ ಹಾದು ಬಾಗಿಲಿಗೆ ಹೋಗುತ್ತಿತ್ತು. ಐತವಾರ ಯಾವಾಗ ಎಂದು ಕೇಳುತ್ತಿದ್ದಳು.

ಅವಳು ಹೋಗುವ ಹಿಂದಿನ ದಿನ ಮಧ್ಯಾಹ್ನ ನಾನು ಹಿತ್ತಲಲ್ಲಿ ಬಟ್ಟೆ ಹಿಂಡುತ್ತಿದ್ದೆ. ಒಳಗಿನಿಂದ ಕರೆ ಬಂತು. ಬೇರೆ ಸಲದ ಹಾಗೆ ಅವಸರದ ಕರೆ ಅಲ್ಲ, 'ರಿ' ಅಕ್ಷರವನ್ನು ಸ್ವಲ್ಪ ಎಳೆದು ಕರೆದಳು. ಸೆರಗಿಗೆ ಕೈ ಒರೆಸಿಕೊಳ್ಳುತ್ತ ಓಡಿದೆ. ಓಡಿ ಹೋಗಿ ದಿನದ ರೂಢಿಯ ಹಾಗೆ ಕೇಳಿದೆ.

"ಏನ ಬೇಕ ಬೇ?"

ಅವ್ವ ನನ್ನನ್ನು ನೋಡಿದಳು. ಬಾಗಿಲನ್ನಲ್ಲ, ನನ್ನನ್ನೇ. ತುಟಿ ಅಲುಗಿದವು. ನಾನು ಮತ್ತೆ ಕೇಳಿದೆ.

"ನೀರು ಬೇಕೇನ? ಹೊಳ್ಳಸ್ಲೇನ?"

"ನೀರು" ಎಂದಳು.

ತಂದು ಕೊಟ್ಟೆ. ತುಟಿಗೆ ಹಿಡಿದರೆ ಒಂದು ಗುಟುಕೂ ಕುಡಿಯಲಿಲ್ಲ. ಕಣ್ಣು ಮುಚ್ಚಿದಳು.

ಮಣ್ಣು ಕೊಟ್ಟು ಬಂದ ಮೇಲೆ ಮನೆಗೆ ಬಂದವರೆಲ್ಲ ಬಸುವಿನ ಪಕ್ಕದಲ್ಲಿ ಕೂತರು. "ತಾಯಿ ಅಂದ್ರ ನಿನಗ ಜೀವಾ ಆಗಿದ್ಳಪಾ" ಎಂದರು. ಅವನು ಅತ್ತ. ನಾನು ಬಂದವರಿಗೆ ಚಹಾ ಕೊಟ್ಟೆ. ಎಲ್ಲರೂ ಹೋದ ಮೇಲೆ ಬಸು ಅಡಿಗೆಮನೆಗೆ ಬಂದು, ಒಲೆಯ ಪಕ್ಕದ ಮಣೆಯ ಮೇಲೆ ಕೂತ. ಕೂದಲು ಅರ್ಧ ಬೆಳ್ಳಗಾದ ನನ್ನ ತಮ್ಮ.

"ಅಕ್ಕಾ, ನನಗ ನಿನ್ನ ಮ್ಯಾಲ ಭಾಳ ಹೊಟ್ಟಿಕಿಚ್ಚು ಇತ್ತು."

"ನನ್ನ ಮ್ಯಾಲ?"

"ಹೂಂ. ನಾ ಸಾಲಿಗೆ ಹೋದ್ರ ನೀವಿಬ್ರೂ ಮನ್ಯಾಗ. ಮಗ್ಗದ ಸಪ್ಪಳದಾಗ ನೀವು ಬರೇ ಕೈಲೇ ಮಾತಾಡ್ತಿದ್ರಿ, ನನಗೊಂದೂ ತಿಳೀತಿರಲಿಲ್ಲ. ನನಗ ಅವ್ವ ನಿದ್ದಿ ಬರೂತನಾ ಅಷ್ಟ ಸಿಕ್ಳು. ನಿನಗ ಜೀವಮಾನ ಸಿಕ್ಳು."

ಅವನು ನನ್ನನ್ನು ಸಮಾಧಾನ ಮಾಡಲು ಹೇಳಿದನೋ, ನಿಜವಾಗಿ ಹೇಳಿದನೋ ಗೊತ್ತಿಲ್ಲ. ನಿಜವೇ ಇದ್ದೀತು. ಬಸು ಸುಳ್ಳು ಹೇಳುವವನಲ್ಲ. ಆದರೂ ನನಗೆ ಅದರಿಂದ ಸಮಾಧಾನ ಆಗಲಿಲ್ಲ. ಎರಡು ಬೆರಳು ಎಂದರೆ ಕೆಂಪು ನೂಲು. ಅದನ್ನು ಅವನು ತನಗೆ ತಿಳಿಯದ ಮಾತು ಎಂದುಕೊಂಡು ಬೆಳೆದಿದ್ದ. ನಾನು ಅವನಿಗೆ ಊಟಕ್ಕೆ ಬಡಿಸಿದೆ. ಅವನು ತಿಂದ. ಮರುದಿನ ಜಮಖಂಡಿಗೆ ಹೋದ, ಅವನಿಗೆ ಸಾಲಿ ಇತ್ತು.

ಈಗ ನನ್ನ ಮನೆಯಲ್ಲಿ ದಿನಾಲೂ ಸಂಜೆ ಆಗುತ್ತದೆ. ಈ ಮನೆಯ ಮಗ್ಗವನ್ನೂ ಮಾರಿಯಾಗಿದೆ, ಮಗ ಬೇರೆ ಉದ್ಯೋಗ ಹಿಡಿದಿದ್ದಾನೆ. ಕತ್ತಲಾದರೆ ಕತ್ತಲಾಯಿತು, ಮುಂಜಾನೆಯಾದರೆ ಮುಂಜಾನೆ. ಅವ್ವನ ಕೌದಿ, ರಾಟಿ, ಹಿತ್ತಾಳೆಯ ದೀಪ ಎಲ್ಲವನ್ನೂ ಬಸು ನನಗೇ ಬಿಟ್ಟುಕೊಟ್ಟ. ಕೇಳಿದ್ದರೆ ಇನ್ನೂ ಕೊಡುತ್ತಿದ್ದ. ಅವ್ವ ನನ್ನನ್ನು ಕರೆದದ್ದು ಲೆಕ್ಕವಿಲ್ಲದಷ್ಟು ಸಲ. ನೂಲಿಗೆ ಕರೆದಳು, ನೀರಿಗೆ ಕರೆದಳು, ಹೊರಳಿಸಲು ಕರೆದಳು. ಆ ಮಧ್ಯಾಹ್ನ ಯಾಕೆ ಕರೆದಳು ಎನ್ನುವುದು ನನಗೆ ಗೊತ್ತಿಲ್ಲ. ಕೆಲಸವಿಲ್ಲದೆ ಅವಳು ನನ್ನ ಹೆಸರು ಹಿಡಿದು ಕರೆದಳು ಎಂದು ಖಾತ್ರಿಯಾಗಿ ಹೇಳಬಹುದಾದ ಒಂದು ಕರೆಯೂ ನನ್ನ ಹತ್ತಿರ ಇಲ್ಲ.